ಈಯಮ್ ಗ್ರಾಮದ ಹದಿನಾಲ್ಕು ತಿಂಗಳು



ಮಠದ ಮಹಾದ್ವಾರವನ್ನು ಮುಚ್ಚುವುದೆಂದರೆ ಏನೆಂಬುದನ್ನು ನಮ್ಮ ತಲೆಮಾರು 2020ನೆಯ ಇಸವಿಯಲ್ಲಿ ಕಂಡಿತು. ಆ ವರ್ಷದ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಜಾತ್ರೆಗಳು ನಿಂತವು, ತೇರುಗಳು ತೇರುಮನೆಗಳಲ್ಲಿಯೇ ಉಳಿದವು, ಏಪ್ರಿಲ್ 26ರಂದು ಬಂದ ಬಸವ ಜಯಂತಿಯನ್ನು ಮನೆಮನೆಗಳ ಒಳಗೆ ಆಚರಿಸಬೇಕಾಯಿತು. ಮರುವರ್ಷದ ಮೇ 14ರ ಜಯಂತಿಗೂ ಅದೇ ಗತಿಯಾಯಿತು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವನಿಗೆ ಗುಡಿಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಪೂಜೆ ನಿಲ್ಲುವುದಿಲ್ಲ. ಇದು ಶರಣರು ನಮಗೆ ಬಿಟ್ಟುಹೋದ ಭಾಗ್ಯ. ಆದರೆ ಪೂಜೆ ಉಳಿದರೂ ಸಂಗವು ಉಳಿಯುವುದೇ? ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸದೆ, ಒಬ್ಬರ ಮುಖವನ್ನೊಬ್ಬರು ನೋಡದೆ, ಸತ್ತವರ ಹೆಣಕ್ಕೆ ಹೆಗಲು ಕೊಡದೆ ಭಕ್ತಸಮೂಹವೆಂಬುದು ಎಷ್ಟು ದಿನ ಬಾಳೀತು? ಆ ದಿನಗಳಲ್ಲಿ ದೂರವಾಣಿಯ ಮೂಲಕ ಅನೇಕ ಭಕ್ತರು ನಮ್ಮನ್ನು ಕೇಳಿದ ಪ್ರಶ್ನೆ ಇದು.

ಇಂಥ ಪ್ರಶ್ನೆಗೆ ಉಪದೇಶದ ಮಾತಿನಿಂದ ಉತ್ತರ ಹೇಳುವುದು ಸುಲಭ. ಅದೇ ಸಂಕಟವನ್ನು ನಿಜವಾಗಿ ಅನುಭವಿಸಿದವರು ಏನು ಮಾಡಿದರು ಎಂದು ಇತಿಹಾಸದಲ್ಲಿ ಹುಡುಕುವುದು ಇನ್ನೂ ಪ್ರಯೋಜನಕರ. ಆದುದರಿಂದ ಈ ಸಂಚಿಕೆಯಲ್ಲಿ ನಿಮ್ಮನ್ನು ನಾವು ಸುಮಾರು ಮೂರೂವರೆ ಶತಮಾನಗಳ ಹಿಂದಿನ ಇಂಗ್ಲೆಂಡಿನ ಒಂದು ಗುಡ್ಡಗಾಡಿನ ಹಳ್ಳಿಗೆ ಕರೆದೊಯ್ಯಬಯಸುತ್ತೇವೆ. ಅಲ್ಲಿಯ ಜನ ನಮ್ಮ ಮತದವರಲ್ಲ, ನಮ್ಮ ಭಾಷೆಯವರಲ್ಲ. ಆದರೂ ಅವರ ಕಥೆಯನ್ನು ಓದುವಾಗ ಅನ್ಯರ ಕಥೆಯನ್ನು ಓದುತ್ತಿದ್ದೇವೆ ಎಂಬ ಭಾವನೆ ನಮಗೆ ಬರಲಿಲ್ಲ.

ಆ ಗ್ರಾಮದ ಹೆಸರನ್ನು ಬರೆಯುವುದು ಈಯಮ್ ಎಂದು. ಊರವರು ನುಡಿಯುವುದು ‘ಈಮ್’ ಎಂದು. ಡಾರ್ಬಿಷೈರ್ ಪ್ರಾಂತದಲ್ಲಿ, ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಇರುವ ಊರು ಅದು. ಕುರಿ ಸಾಕುವವರು, ಸೀಸದ ಗಣಿಗಳಲ್ಲಿ ದುಡಿಯುವವರು ಅಲ್ಲಿಯ ನಿವಾಸಿಗಳು. 1665ರಲ್ಲಿ ಲಂಡನ್ ನಗರವನ್ನು ಮಹಾ ಪ್ಲೇಗು ಕಾಡುತ್ತಿದ್ದಾಗ, ಈಯಮ್ಮಿನ ದರ್ಜಿ ಅಲೆಗ್ಸಾಂಡರ್ ಹ್ಯಾಡ್‌ಫೀಲ್ಡನ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟೊಂದು ಬಂದಿತೆಂದೂ, ಒದ್ದೆಯಾಗಿದ್ದ ಆ ಬಟ್ಟೆಯನ್ನು ಅವನ ಸಹಾಯಕ ಜಾರ್ಜ್ ವಿಕರ್ಸನು ಬೆಂಕಿಯ ಮುಂದೆ ಹರವಿ ಒಣಗಿಸಿದನೆಂದೂ ಪರಂಪರೆ ಹೇಳುತ್ತದೆ. ಬಟ್ಟೆಯ ಮಡಿಕೆಗಳಲ್ಲಿ ಅಡಗಿದ್ದ ಚಿಗಟಗಳು ರೋಗವನ್ನು ತಂದವು ಎಂಬುದು ಇಂದಿನವರು ಕೊಡುವ ವಿವರಣೆ. ಅಂದಿನವರಿಗೆ ಅದು ತಿಳಿದಿರಲಿಲ್ಲ. ಸೆಪ್ಟೆಂಬರ್ 7ರಂದು ವಿಕರ್ಸನ ಶವಸಂಸ್ಕಾರವಾಯಿತು. ಆ ಶರತ್ಕಾಲದಲ್ಲಿ ಸಾವಿನ ಮೇಲೆ ಸಾವು ಸಂಭವಿಸಿ, ಚಳಿಗಾಲದಲ್ಲಿ ತಗ್ಗಿ, 1666ರ ಮೇ ತಿಂಗಳಲ್ಲಿ ರೋಗವು ನಿಂತೇಹೋಯಿತೆಂಬ ಭ್ರಮೆ ಹುಟ್ಟಿತು. ಜೂನ್ ತಿಂಗಳಲ್ಲಿ ಅದು ಮತ್ತೆ ಎದ್ದು ನಿಂತಿತು. ಒಂದು ಅಲೆ ಇಳಿದು ಎರಡನೆಯ ಅಲೆ ಏಳುವುದರ ಕ್ರೌರ್ಯವನ್ನು 2021ರ ಬೇಸಿಗೆಯಲ್ಲಿ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದಿನ ಸಂಗತಿಯನ್ನು ತಿಳಿಯಬೇಕಾದರೆ ಆ ಊರಿನ ಧಾರ್ಮಿಕ ಸ್ಥಿತಿಯನ್ನು ಸ್ವಲ್ಪ ಅರಿಯಬೇಕು. ಕಥೆಯನ್ನು ಹೇಳುವವರು ಇದನ್ನು ಒಂದೆರಡು ವಾಕ್ಯಗಳಲ್ಲಿ ದಾಟಿಹೋಗುವುದುಂಟು. ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯ ಕೀಲು ಇರುವುದು ಇಲ್ಲಿಯೇ.

ಇಂಗ್ಲೆಂಡಿನಲ್ಲಿ ಅರಸನನ್ನು ಕೊಂದು, ಅರಸೊತ್ತಿಗೆಯನ್ನು ಕಿತ್ತುಹಾಕಿ, ಮತ್ತೆ 1660ರಲ್ಲಿ ಅರಸನನ್ನು ಕರೆತಂದು ಪಟ್ಟಕ್ಕೆ ಕೂರಿಸಿದ್ದ ಕಾಲವದು. ಅದರೊಡನೆ ಚರ್ಚಿನ ವ್ಯವಸ್ಥೆಯೂ ತಿರುಗುಮುರುಗಾಯಿತು. 1662ರ ಏಕರೂಪತಾ ಶಾಸನವು ರಾಜ್ಯದ ಎಲ್ಲ ಪಾದ್ರಿಗಳೂ ಒಂದೇ ಪ್ರಾರ್ಥನಾ ಗ್ರಂಥವನ್ನು ಒಪ್ಪಿ ಪ್ರಮಾಣ ಮಾಡಬೇಕೆಂದು ವಿಧಿಸಿತು. ಒಪ್ಪದವರು ಸುಮಾರು ಎರಡು ಸಾವಿರ ಮಂದಿ ತಮ್ಮ ಸ್ಥಾನಗಳನ್ನು ಕಳೆದುಕೊಂಡರು. ಈಯಮ್ಮಿನ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಅವರಲ್ಲೊಬ್ಬನು. ಎಷ್ಟೋ ವರ್ಷಗಳಿಂದ ಊರ ಜನರ ಹುಟ್ಟುಸಾವುಗಳಲ್ಲಿ ಜೊತೆಯಾಗಿದ್ದ ಹಿರಿಯನಾತ. ಆತನ ಸ್ಥಾನಕ್ಕೆ 1664ರಲ್ಲಿ ವಿಲಿಯಂ ಮಾಂಪೆಸನ್ ಎಂಬ ತರುಣನು ಬಂದನು. ಇಪ್ಪತ್ತೈದರ ಆಸುಪಾಸಿನ ವಯಸ್ಸು, ವಿಶ್ವವಿದ್ಯಾಲಯದಲ್ಲಿ ಓದಿದವನು, ಹೆಂಡತಿ ಮತ್ತು ಇಬ್ಬರು ಎಳೆಯ ಮಕ್ಕಳು. ಜನರ ಹೃದಯವು ಹಳೆಯ ಗುರುವಿನ ಕಡೆಗಿತ್ತು. ಅಧಿಕಾರದ ಪೀಠವು ಹೊಸಬನ ಕೈಯಲ್ಲಿತ್ತು. ಒಂದೇ ದೀಕ್ಷೆಯನ್ನೂ ಒಂದೇ ಷಟ್‌ಸ್ಥಲವನ್ನೂ ಒಪ್ಪುವವರ ನಡುವೆಯೇ ಪೀಠಭೇದ, ಪರಂಪರಾಭೇದಗಳ ಬಗೆಗೆ ನಡೆಯುವ ವಾಗ್ವಾದಗಳನ್ನು ಕಂಡ ನಮಗೆ, ಆ ಊರಿನ ಮನಃಸ್ಥಿತಿ ಹೇಗಿದ್ದಿತೆಂದು ಊಹಿಸುವುದು ಕಷ್ಟವಲ್ಲ.

ಇಷ್ಟು ಸಾಲದೆಂಬಂತೆ, ಪ್ಲೇಗಿನ ಅದೇ 1665ರಲ್ಲಿ ‘ಐದು ಮೈಲಿಯ ಶಾಸನ’ ಎಂಬ ಇನ್ನೊಂದು ಕಾಯಿದೆ ಬಂದಿತು. ಸ್ಥಾನಚ್ಯುತನಾದ ಪಾದ್ರಿಯು, ಸರಕಾರವು ಕೇಳಿದ ಪ್ರಮಾಣವನ್ನು ಮಾಡದ ಹೊರತು, ತಾನು ಮೊದಲು ಸೇವೆ ಮಾಡಿದ ಊರಿನ ಐದು ಮೈಲಿ ಸುತ್ತಿನೊಳಗೆ ಕಾಲಿಡಕೂಡದು ಎಂಬುದು ಅದರ ತಾತ್ಪರ್ಯ. ಅಂದರೆ ಸ್ಟ್ಯಾನ್ಲಿಯಂಥವನು ಈಯಮ್ಮಿನಲ್ಲಿ ಉಳಿಯುವುದೇ ಕಾನೂನಿನ ಕಣ್ಣಿಗೆ ಸಂಶಯಾಸ್ಪದವಾಗಿತ್ತು.

1666ರ ಜೂನ್ ತಿಂಗಳಲ್ಲಿ ಮಾಂಪೆಸನ್ನನ ಮುಂದೆ ನಿಂತ ಸಮಸ್ಯೆ ಏನೆಂದರೆ, ಜನರು ಊರು ಬಿಟ್ಟು ಓಡತೊಡಗಿದರೆ ರೋಗವು ಸುತ್ತಲ ಊರುಗಳಿಗೂ ಪೇಟೆಗಳಿಗೂ ಹಬ್ಬುತ್ತದೆ. ಉಳಿಯಿರಿ ಎಂದು ಹೇಳಬೇಕು, ಹೇಳಿದರೆ ಕೇಳುವವರಾರು? ಆಗ ಆತನು ತನ್ನ ಪೀಠದ ಪ್ರತಿಸ್ಪರ್ಧಿಯಾಗಿದ್ದ ಹಿರಿಯನ ನೆರವನ್ನು ಪಡೆದನು. ಇಬ್ಬರೂ ಕೂಡಿ ಜನರ ಮುಂದೆ ನಿಂತರು. ಸತ್ತವರನ್ನು ಆಯಾ ಮನೆಯವರೇ ತಮ್ಮ ಹೊಲದಲ್ಲೋ ಹಿತ್ತಲಲ್ಲೋ ಹೂಳತಕ್ಕದ್ದು, ಚರ್ಚಿನ ಅಂಗಳಕ್ಕೆ ತರಕೂಡದು. ಚರ್ಚಿನ ಬಾಗಿಲನ್ನು ಮುಚ್ಚಿ ಪ್ರಾರ್ಥನೆಯನ್ನು ಬಯಲಿನಲ್ಲಿ ನಡೆಸತಕ್ಕದ್ದು. ಊರಿನ ಗಡಿಯನ್ನು ಯಾರೂ ದಾಟಕೂಡದು, ಹೊರಗಿನವರೂ ಒಳಗೆ ಬರಕೂಡದು ಎಂದು ಗೊತ್ತುಪಡಿಸಿದರು. ಕಾವಲಿಗೆ ಸೈನ್ಯವಿರಲಿಲ್ಲ. ಇಬ್ಬರು ಗುರುಗಳ ಒಂದು ಮಾತು ಇದ್ದಿತು. ಒಬ್ಬನು ಮಾತ್ರ ಹೇಳಿದ್ದರೆ ಊರಿನ ಅರ್ಧ ಜನ ಕೇಳುತ್ತಿದ್ದರೋ ಇಲ್ಲವೋ!

ಬಯಲಿನ ಪ್ರಾರ್ಥನೆಗೆ ಆರಿಸಿಕೊಂಡ ಸ್ಥಳ ಕಕ್ಲೆಟ್ ಡೆಲ್ಫ್ ಎಂಬ ಕಣಿವೆ. ಇಳಿಜಾರಾದ ಹುಲ್ಲುಗಾವಲು, ಅದರ ಬದಿಗೆ ಕಮಾನಿನಂತೆ ಕೊರೆದ ಒಂದು ಬಂಡೆ. ಮಾಂಪೆಸನ್ನನು ಆ ಬಂಡೆಯ ಬಾಯಲ್ಲಿ ನಿಂತು ಪ್ರವಚನ ಮಾಡುತ್ತಿದ್ದನು; ಒಂದೊಂದು ಕುಟುಂಬವೂ ಮತ್ತೊಂದು ಕುಟುಂಬದಿಂದ ದೂರವಾಗಿ ಇಳಿಜಾರಿನಲ್ಲಿ ನಿಂತು ಕೇಳುತ್ತಿತ್ತು. ವಾಚಕರು ಈ ಚಿತ್ರವನ್ನು ಮನಸ್ಸಿನ ಮುಂದೆ ನಿಲ್ಲಿಸಿಕೊಳ್ಳಬೇಕೆಂದು ನಮ್ಮ ಅಪೇಕ್ಷೆ. ಕಳೆದ ವಾರ ಐದು ಮಂದಿ ನಿಂತಿದ್ದ ಜಾಗದಲ್ಲಿ ಈ ವಾರ ಮೂವರು. ಮುಂದಿನ ವಾರ ಆ ಜಾಗವೇ ಖಾಲಿ. ಯಾರೂ ಹೋಗಿ ತಬ್ಬಿಕೊಂಡು ಸಮಾಧಾನ ಹೇಳುವಂತಿಲ್ಲ. ಆದರೂ ಯಾರು ಉಳಿದಿದ್ದಾರೆ, ಯಾರು ಇಲ್ಲ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಪ್ರಾರ್ಥನೆಗೆ ಬರುವುದೆಂದರೆ ‘ನಾವಿನ್ನೂ ಇದ್ದೇವೆ’ ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದೂ ಆಗಿತ್ತು. 2020ರಲ್ಲಿ ಪ್ರತಿದಿನ ಸಂಜೆ ಮೊಬೈಲ್ ಫೋನಿನ ಪರದೆಯ ಮೇಲೆ ಪ್ರವಚನ ಕೇಳಲು ಸೇರುತ್ತಿದ್ದ ಭಕ್ತರಲ್ಲಿ ಅನೇಕರು ಪ್ರವಚನಕ್ಕಿಂತ ಹೆಚ್ಚಾಗಿ ಬಂದವರ ಹೆಸರುಗಳನ್ನು ಗಮನಿಸುತ್ತಿದ್ದರೆಂಬುದು ನಮಗೆ ತಿಳಿದಿದೆ. ನಮಗೆ ಅದರಿಂದ ಬೇಸರವಾಗಲಿಲ್ಲ. ಇಂದಿಗೂ ಪ್ರತಿವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರವನ್ನು ಈಯಮ್ಮಿನವರು ‘ಪ್ಲೇಗಿನ ಭಾನುವಾರ’ವೆಂದು ಆಚರಿಸಿ, ಅಂದಿನವರನ್ನು ಸ್ಮರಿಸುತ್ತಾರೆ.

ಇನ್ನು ಅನ್ನದ ಪ್ರಶ್ನೆ. ಹೊಟ್ಟೆಗೆ ಏರ್ಪಾಡು ಮಾಡದೆ ಮನೆಯಲ್ಲಿರಿ ಎಂದು ಹೇಳುವುದು ನಿಷ್ಠುರತೆಯೇ ಹೊರತು ಧರ್ಮವಲ್ಲ. ಮಾಂಪೆಸನ್ನನು ಸಮೀಪದ ಚ್ಯಾಟ್ಸ್‌ವರ್ತ್ ಅರಮನೆಯಲ್ಲಿದ್ದ ಡೆವನ್‌ಷೈರಿನ ಅರ್ಲ್ ಎಂಬ ಪ್ರಭುವಿಗೆ ಬರೆದು, ಗಡಿಯವರೆಗೆ ಆಹಾರ ಮತ್ತು ಔಷಧಿಗಳು ಬರುವಂತೆ ಮಾಡಿದನು. ಸುತ್ತಲ ಊರುಗಳವರೂ ಸಾಮಾನುಗಳನ್ನು ತಂದು ಗೊತ್ತಾದ ಜಾಗಗಳಲ್ಲಿ ಇಟ್ಟು ಹೋಗುತ್ತಿದ್ದರು. ಈಯಮ್ ಮತ್ತು ಸ್ಟೋನಿ ಮಿಡ್ಲ್‌ಟನ್ ಗ್ರಾಮಗಳ ನಡುವೆ ಇಂದಿಗೂ ಒಂದು ಗಡಿಗಲ್ಲು ಇದೆ. ಅದರ ಮೇಲೆ ಚಿಕ್ಕ ಚಿಕ್ಕ ಕುಳಿಗಳಿವೆ. ಆ ಕುಳಿಗಳಲ್ಲಿ ವಿನೆಗರ್ ತುಂಬಿ, ಸಾಮಾನಿನ ಬೆಲೆಯ ನಾಣ್ಯಗಳನ್ನು ಅದರೊಳಗೆ ಹಾಕಿಡುತ್ತಿದ್ದರಂತೆ. ಬೆಟ್ಟದ ಮೇಲುಗಡೆ ಇನ್ನೊಂದು ಒರತೆ ಇದ್ದು, ಅದು ಇಂದಿಗೂ ಮಾಂಪೆಸನ್ನನ ಹೆಸರಿನಲ್ಲಿಯೇ ಇದೆ. ಅಲ್ಲಿಯೂ ಹೀಗೆಯೇ ಸಾಮಾನು ಇಡುತ್ತಿದ್ದರು. ಇಟ್ಟವರು ಹಿಂದೆ ಸರಿದ ಮೇಲೆ ಕೊಂಡೊಯ್ಯುವವರು ಬರುತ್ತಿದ್ದರು. ಮುಖವನ್ನು ಕಾಣದೆ ಕೊಡುವುದು, ಮುಖವನ್ನು ಕಾಣದೆ ಸ್ವೀಕರಿಸುವುದು! ಲಾಕ್‌ಡೌನಿನ ತಿಂಗಳುಗಳಲ್ಲಿ ನಾಡಿನ ಹಲವು ಮಠಗಳಲ್ಲಿ ಪಂಕ್ತಿ ನಿಂತರೂ ಒಲೆ ಆರಲಿಲ್ಲ. ಅನ್ನದ ಪೊಟ್ಟಣಗಳು ಹೊರಗೆ ಹೋದವು. ಯಾರು ಉಂಡರೆಂದು ಬೇಯಿಸಿದವನಿಗೆ ಗೊತ್ತಿಲ್ಲ. ದಾಸೋಹವೆಂಬ ಮಾತಿನಲ್ಲಿರುವ ‘ನಾನು ದಾಸನು’ ಎಂಬ ಅರ್ಥವು ಅಂಥ ಹೊತ್ತಿನಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ ಎಂದು ನಮಗೆ ತೋರುತ್ತದೆ.

ಜುಲೈ ಮತ್ತು ಆಗಸ್ಟ್ ತಿಂಗಳುಗಳು ಅತ್ಯಂತ ಭೀಕರವಾದವು. ಆಗಸ್ಟ್ ಒಂದರಲ್ಲಿಯೇ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಊರ ಹೊರಗಿನ ರೈಲಿ ಎಂಬಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿಯು ಎಂಟು ದಿನಗಳೊಳಗಾಗಿ ತನ್ನ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೂಳಿದಳು. ಆ ಗೋರಿಗಳು ಇಂದಿಗೂ ಕಲ್ಲುಗೋಡೆಯ ಒಂದು ಸಣ್ಣ ಆವರಣದೊಳಗೆ ಇವೆ. ಇದರ ಬಗೆಗೆ ನಾವು ಹೆಚ್ಚು ಬರೆಯಲಾರೆವು.

ಮಾಂಪೆಸನ್ನನು ಊರಿನ ಗಡಿಯನ್ನು ಮುಚ್ಚುವ ಮೊದಲೇ ತನ್ನ ಮಕ್ಕಳಾದ ಜಾರ್ಜ್ ಮತ್ತು ಎಲಿಜಬೆತ್‌ರನ್ನು ಯಾರ್ಕ್‌ಷೈರಿಗೆ ಕಳುಹಿಸಿದ್ದನು. ಇದನ್ನು ಮುಚ್ಚಿಟ್ಟು ಆತನನ್ನು ಹೊಗಳುವುದು ಸತ್ಯಕ್ಕೆ ಅಪಚಾರ. ಹೋಗಲು ಬಂಧುಗಳ ಮನೆ, ಪ್ರಯಾಣಕ್ಕೆ ಹಣ ಇದ್ದ ಕೆಲವರು ಮೊದಲೇ ಹೊರಟುಹೋಗಿದ್ದರು. ಉಳಿದವರಲ್ಲಿ ಬಹುಮಂದಿಗೆ ಹೋಗಲು ಜಾಗವೇ ಇರಲಿಲ್ಲ. ತನ್ನ ಮಕ್ಕಳನ್ನು ಕಳುಹಿಸಿದ ಗುರುವು ಇತರರ ಮಕ್ಕಳನ್ನು ಉಳಿಯಿರಿ ಎಂದು ಹೇಗೆ ಕೇಳಿದನು ಎಂದು ನೀವು ಪ್ರಶ್ನಿಸಬಹುದು, ಪ್ರಶ್ನೆ ನ್ಯಾಯವಾದುದೇ. ಹೆಂಡತಿ ಕ್ಯಾಥರೀನಳನ್ನೂ ಮಕ್ಕಳೊಡನೆ ಹೊರಡೆಂದು ಆತನು ಬೇಡಿಕೊಂಡನೆಂದೂ, ಆಕೆ ಒಪ್ಪದೆ ಗಂಡನೊಡನೆ ಉಳಿದಳೆಂದೂ ಹೇಳುತ್ತಾರೆ. ರೋಗಿಗಳ ಮನೆಗಳಿಗೆ ಹೋಗಿಬರುತ್ತಿದ್ದ ಆಕೆಯು ಆಗಸ್ಟ್ 25ರಂದು ತೀರಿಕೊಂಡಳು. ಚರ್ಚಿನ ಅಂಗಳದಲ್ಲಿ ಆಕೆಯ ಗೋರಿ ಇದೆ.

ಇದಾದ ಕೆಲವೇ ದಿನಗಳಲ್ಲಿ ಮಾಂಪೆಸನ್ನನು ಎರಡು ಪತ್ರಗಳನ್ನು ಬರೆದನು. ಆಗಸ್ಟ್ 31ರಂದು ಮಕ್ಕಳಿಗೆ, ಅವರ ತಾಯಿಯ ಮರಣವನ್ನೂ ಗುಣಗಳನ್ನೂ ತಿಳಿಸಿ ಬರೆದದ್ದು ಒಂದು. ಮರುದಿನ ತನ್ನ ಪೋಷಕನಾದ ಸರ್ ಜಾರ್ಜ್ ಸ್ಯಾವಿಲ್‌ನಿಗೆ ಬರೆದದ್ದು ಇನ್ನೊಂದು. ಈ ಎರಡನೆಯ ಪತ್ರವನ್ನು ಆತನು ಇನ್ನು ತಾನು ಬದುಕುವುದಿಲ್ಲವೆಂಬ ನಿಶ್ಚಯದಿಂದ ಬರೆದಿದ್ದಾನೆ. ಅದರಲ್ಲಿ ತಾಯಿಯಿಲ್ಲದ ಮಕ್ಕಳ ಚಿಂತೆ ಇದೆ. ಅದರೊಡನೆ ಒಂದು ವಿನಂತಿಯೂ ಇದೆ: ತನ್ನ ಬಳಿಕ ಈ ಊರಿಗೆ ವಿನಯಶೀಲನೂ ಧರ್ಮನಿಷ್ಠನೂ ಆದವನನ್ನು ಪಾದ್ರಿಯಾಗಿ ಆರಿಸಬೇಕು ಎಂದು. ನಾವು ಈ ವಿನಂತಿಯ ಬಳಿ ಬಹಳ ಹೊತ್ತು ನಿಂತೆವು. ಹೆಂಡತಿ ಸತ್ತು ವಾರವಷ್ಟೇ ಆಗಿದೆ. ತನ್ನ ಸಾವೂ ಸಮೀಪಿಸಿತೆಂದು ನಂಬಿದ್ದಾನೆ. ಊರಿನ ಮನೆಗಳು ಒಂದೊಂದಾಗಿ ಬರಿದಾಗುತ್ತಿವೆ. ಅಂಥವನು ಮುಂದೆ ಬರುವ ಪಾದ್ರಿಯ ಮಾತನ್ನಾಡುತ್ತಾನೆ. ಅಂದರೆ ಆ ಊರು ಉಳಿಯುತ್ತದೆ, ಅಲ್ಲಿ ಮತ್ತೆ ಜನ ಸೇರುತ್ತಾರೆ, ಅವರಿಗೆ ಗುರು ಬೇಕಾಗುತ್ತಾನೆ ಎಂಬುದರಲ್ಲಿ ಆತನಿಗೆ ಸಂದೇಹವಿರಲಿಲ್ಲ. ಭರವಸೆಯೆಂದರೆ ‘ನನಗೆ ಏನೂ ಆಗದು’ ಎಂಬ ಧೈರ್ಯವೆಂದು ನಮ್ಮಲ್ಲಿ ಅನೇಕರು ಎಣಿಸುತ್ತಾರೆ. ಮಾಂಪೆಸನ್ನನ ಭರವಸೆಯಲ್ಲಿ ತನ್ನ ಪಾಲು ಏನೂ ಇರಲಿಲ್ಲ.

ಆದರೆ ಆತನು ಸಾಯಲಿಲ್ಲ. ನವೆಂಬರ್ 20ರಂದು ಬರೆದ ಮೂರನೆಯ ಪತ್ರದಲ್ಲಿ, ತನ್ನ ಊರಿನ 76 ಮನೆತನಗಳಿಗೆ ರೋಗ ಹೊಕ್ಕು 259 ಮಂದಿ ಸತ್ತರೆಂದು ಲೆಕ್ಕ ಕೊಟ್ಟಿದ್ದಾನೆ. ಅಕ್ಟೋಬರ್ 11ರಿಂದೀಚೆಗೆ ಸಾವಿಲ್ಲವೆಂದು ಆತನು ಹೇಳಿದರೆ, ಕೊನೆಯ ಸಾವು ನವೆಂಬರ್ 1ರಂದು ಆಯಿತೆಂಬುದು ಊರಿನ ದಾಖಲೆಯನ್ನು ಅನುಸರಿಸಿದ ರೂಢಿಯ ಗಣನೆ. ಅದೇ ಪತ್ರದಲ್ಲಿ ಉಣ್ಣೆಯ ಬಟ್ಟೆಗಳನ್ನೆಲ್ಲ ಹೊಗೆಯಿಂದ ಶುದ್ಧಿಗೊಳಿಸುವ ಕೆಲಸದ ಮಾತಿದೆ. ರೋಗಿಗಳನ್ನು ಬೇರೆಯಾಗಿ ಇರಿಸುತ್ತಿದ್ದ ಮನೆಗಳು ಬರಿದಾದುವೆಂಬ ಮಾತೂ ಇದೆ.

ಇತಿಹಾಸದ ಅಭ್ಯಾಸಿಯಾದವನು ಇಲ್ಲಿ ಒಂದೆರಡು ಎಚ್ಚರಿಕೆಯ ಮಾತುಗಳನ್ನು ಹೇಳದೆ ಬಿಡುವಂತಿಲ್ಲ. ನಾವು ಮೇಲೆ ಹೇಳಿದ ವಿವರಗಳಲ್ಲಿ ಕೆಲವು ಅಂದಿನ ಪತ್ರ ಮತ್ತು ದಾಖಲೆಗಳಿಂದ ಬಂದವು. ಕೆಲವು ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಬಂದವು. ಗ್ರಾಮದ ಚರಿತ್ರೆಯನ್ನು ವಿಲಿಯಂ ವುಡ್ ಎಂಬಾತನು ಪುಸ್ತಕವಾಗಿ ಬರೆದದ್ದು 1842ರಲ್ಲಿ, ಅಂದರೆ ಘಟನೆ ನಡೆದು ಸುಮಾರು 175 ವರ್ಷಗಳ ಮೇಲೆ. ಈಯಮ್ಮಿನ ವೀರಗಾಥೆ ಬಹುಮಟ್ಟಿಗೆ ಆಮೇಲಿನ ಕಾಲದವರು ತಮ್ಮ ಅಭಿರುಚಿಗೆ ತಕ್ಕಂತೆ ಕಟ್ಟಿದ್ದು ಎಂದು ಪ್ಯಾಟ್ರಿಕ್ ವಾಲಿಸ್ ಎಂಬ ಇತಿಹಾಸಕಾರರು 2006ರಲ್ಲಿ ವಾದಿಸಿದ್ದಾರೆ. ಊರಿನ ಜನಸಂಖ್ಯೆ ಸುಮಾರು 350 ಇದ್ದಿತೆಂದು ಹಿಂದಿನವರು ಬರೆಯುತ್ತಿದ್ದರು. ಅದು ಸುಮಾರು 700 ಇದ್ದಿರಬೇಕೆಂದು ಈಚಿನವರು ಹೇಳುತ್ತಾರೆ. ಹಾಗಾದರೆ ಸತ್ತವರು ನಾಲ್ಕರಲ್ಲಿ ಮೂರು ಪಾಲಲ್ಲ, ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. 2016ರಲ್ಲಿ ಪ್ರಕಟವಾದ ಒಂದು ಗಣಿತಾಧಾರಿತ ಅಧ್ಯಯನವು, ಅಲ್ಲಿ ರೋಗ ತಗುಲಿದವರಲ್ಲಿ ಮುಕ್ಕಾಲು ಪಾಲು ಜನರಿಗೆ ಅದು ಇಲಿಗಳಿಂದಲ್ಲ, ಮನುಷ್ಯರಿಂದಲೇ ತಗುಲಿತೆಂದು ತೋರಿಸಿದೆ. ಹೀಗಿದ್ದರೆ ಬಯಲಿನಲ್ಲಿ ದೂರ ದೂರ ನಿಂತದ್ದು ವಿವೇಕವೇ ಆಯಿತು. ಒಂದೇ ಮನೆಯೊಳಗೆ ರೋಗಿಯೊಡನೆ ಉಳಿದದ್ದು ಇಡೀ ಕುಟುಂಬಗಳನ್ನು ಬಲಿ ತೆಗೆದುಕೊಂಡಿರಬೇಕು.

ನಮ್ಮ ನಾಡಿನಲ್ಲಿ ಪ್ಲೇಗು ಬಂದಾಗ ಜನರು ಮಾಡಿದ್ದು ಇದಕ್ಕೆ ವಿರುದ್ಧವಾದುದು. 1897-98ರ ಸುಮಾರಿಗೆ ಹುಬ್ಬಳ್ಳಿ, ಬೆಂಗಳೂರುಗಳಿಗೆ ಆ ರೋಗವು ಹೊಕ್ಕಾಗಲೂ, ಆಮೇಲೆ ಹಳ್ಳಿಗಳಿಗೆ ಹಬ್ಬಿದಾಗಲೂ, ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವುದೇ ರೂಢಿಯಾಯಿತು. ಮುಂದೆ ಬಹುಕಾಲ ನಮ್ಮ ಹಿರಿಯರು ವಯಸ್ಸನ್ನು ಲೆಕ್ಕ ಹಾಕುವಾಗಲೂ ‘ಪ್ಲೇಗು ಬಂದು ಊರು ಬಿಟ್ಟ ವರ್ಷ’ ಎಂದೇ ಹೇಳುತ್ತಿದ್ದರು. ಇಲಿ ಬಿದ್ದ ಮನೆಯನ್ನು ಬಿಟ್ಟುಹೋಗುವುದು ಅನುಭವದಿಂದ ಬಂದ ಜಾಣತನ. ಈಯಮ್ಮಿನವರಿಗೆ ಆ ದಾರಿ ಹೊಳೆದಿದ್ದರೆ, ಗಡಿಯೊಳಗಿನ ಬೆಟ್ಟದ ಬಯಲಿನಲ್ಲಿಯೇ ಚದುರಿ ವಾಸಿಸಿದ್ದರೆ, ಎಷ್ಟೋ ಜೀವಗಳು ಉಳಿಯುತ್ತಿದ್ದವೇನೋ. ತ್ಯಾಗವನ್ನು ಕೊಂಡಾಡುವ ಭರದಲ್ಲಿ ಈ ಲೆಕ್ಕವನ್ನು ಮರೆಯಬಾರದೆಂಬುದು ನಮ್ಮ ಅಭಿಪ್ರಾಯ. ಸತ್ತವರು ಯಾರ ದೃಷ್ಟಾಂತಕ್ಕಾಗಿಯೂ ಸಾಯಲಿಲ್ಲ.

ಆದರೂ ಇಷ್ಟೆಲ್ಲ ಕಳೆದ ಮೇಲೆಯೂ ಉಳಿಯುವ ಸಂಗತಿಯೊಂದಿದೆ. ಅದಕ್ಕೆ ಸಾಕ್ಷಿಯು 1842ರ ಪುಸ್ತಕಕ್ಕಿಂತ ಬಹಳ ಹಳೆಯದು. ಪ್ಲೇಗು ಕಳೆದ ಕೆಲವು ಕಾಲಕ್ಕೆ ಮಾಂಪೆಸನ್ನನು ನಾಟಿಂಗ್‌ಹ್ಯಾಮ್‌ಷೈರಿನ ಈಕ್ರಿಂಗ್ ಎಂಬ ಊರಿಗೆ ಹೋದನು. ಪ್ಲೇಗಿನ ಊರಿನಿಂದ ಬಂದವನೆಂದು ಅಲ್ಲಿಯ ಜನ ಹೆದರಿ ಹತ್ತಿರ ಸೇರಿಸದೆ, ಆತನು ಕೆಲಕಾಲ ಊರ ಹೊರಗಿನ ಗುಡಿಸಲಿನಲ್ಲಿದ್ದು, ಮರದ ಕೆಳಗೆ ನಿಂತು ಪ್ರವಚನ ಮಾಡಬೇಕಾಯಿತೆಂಬ ಐತಿಹ್ಯವಿದೆ. ಹಿರಿಯನಾದ ಸ್ಟ್ಯಾನ್ಲಿಯ ಮೇಲೆ ಕಾನೂನಿನ ಕತ್ತಿ ಇನ್ನೂ ತೂಗುತ್ತಲೇ ಇತ್ತು. ಅಪಾಯ ಕಳೆದೊಡನೆ ಹಳೆಯ ದ್ವೇಷಗಳು ತಲೆ ಎತ್ತುವುದು ಲೋಕರೂಢಿ. ಆತನನ್ನು ಊರಿನಿಂದ ಹೊರಗಟ್ಟಬೇಕೆಂದು ಕೆಲವರು ಪ್ರಾಂತಾಧಿಕಾರಿಯಾಗಿದ್ದ ಡೆವನ್‌ಷೈರಿನ ಅರ್ಲ್‌ನ ಬಳಿಗೆ ದೂರು ಒಯ್ದರು. ಆಗ ಆ ಪ್ರಭುವು ಕೊಟ್ಟ ಉತ್ತರವನ್ನು ಅದೇ ಸೀಮೆಯ ಇನ್ನೊಬ್ಬ ಸ್ಥಾನಚ್ಯುತ ಪಾದ್ರಿ ವಿಲಿಯಂ ಬ್ಯಾಗ್‌ಷಾ 1702ರ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಊರನ್ನು ನೋಡಿಕೊಂಡದ್ದಲ್ಲದೆ, ನೆರೆಯ ಊರುಗಳಿಗೆ ಸೋಂಕು ಹಬ್ಬದಂತೆ ಬೇರಾರೂ ವಹಿಸದಷ್ಟು ಎಚ್ಚರ ವಹಿಸಿದವನಿಗೆ ಇಡೀ ಸೀಮೆಯು ಬರಿಯ ಮಾತಿನಿಂದಲ್ಲದೆ ಕೃತಿಯಿಂದ ಕೃತಜ್ಞತೆ ತೋರುವುದೇ ಹೆಚ್ಚು ಉಚಿತ ಎಂಬುದು ಆ ಉತ್ತರದ ಸಾರಾಂಶ. ದೂರು ಅಲ್ಲಿಗೆ ನಿಂತಿತು. ಸ್ಟ್ಯಾನ್ಲಿಯು 1670ರಲ್ಲಿ ತೀರಿಕೊಳ್ಳುವವರೆಗೆ ಈಯಮ್ಮಿನಲ್ಲಿಯೇ, ತನ್ನ ಹಳೆಯ ಜನರ ನಡುವೆಯೇ ಇದ್ದನು.